ಹ್ಯಾರಿಯೆಟ್ ಬ್ರೂಕ್ಸ್

ಹ್ಯಾರಿಯೆಟ್ ಬ್ರೂಕ್ಸ್ (ಜುಲೈ ೨, ೧೮೭೬ – ಏಪ್ರಿಲ್ ೧೭, ೧೯೩೩) ಕೆನಡಾ ದೇಶದ ಮೊದಲ ಮಹಿಳಾ ಪರಮಾಣು ಭೌತವಿಜ್ಞಾನಿ. ಇಂದು ರೇಡಾನ್ ಎಂದು ಕರೆಯಲ್ಪಡುವ ವಿಕಿರಣಶೀಲ ಅನಿಲದ ಸ್ವರೂಪವನ್ನು ಮಾಪನದ ಮೂಲಕ ನಿರ್ಧರಿಸಲು ಯತ್ನಿಸಿದ ಮೊದಲಿಗರಲ್ಲಿ ಅವರೂ ಒಬ್ಬರು.

ಜನನ ಮತ್ತು ಶಿಕ್ಷಣ

ಬ್ರೂಕ್ಸ್ ಒಂಟಾರಿಯೊ ಪ್ರಾಂತ್ಯದ ಎಕ್ಸೆಟರ್‌ನಲ್ಲಿ ಜನಿಸಿದರು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಿಂದ ೧೮೯೮ರಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದು, ಅಲ್ಲಿಗೆ ಆಗತಾನೆ ಬಂದಿದ್ದ ಅರ್ನೆಸ್ಟ್ ರುದರ್‌ಫೋರ್ಡ್ ಅವರ ಮೊದಲ ಸ್ನಾತಕೋತ್ತರ ವಿದ್ಯಾರ್ಥಿಯಾದರು. ೧೯೦೧ರಲ್ಲಿ ಸ್ನಾತಕೋತ್ತರ ಪದವಿ ಗಳಿಸಿ, ಆ ವಿಶ್ವವಿದ್ಯಾಲಯದಲ್ಲಿ ಈ ಪದವಿ ಪಡೆದ ಮೊದಲ ಮಹಿಳೆ ಎನಿಸಿದರು.

ಸಂಶೋಧನೆ

ರೇಡಿಯಂನಿಂದ ಹೊರಹೊಮ್ಮುವ ವಿಕಿರಣಶೀಲ ವಸ್ತುವು ರೇಡಿಯಂನ ಆವಿಯೇ ಅಥವಾ ಬೇರೊಂದು ಅನಿಲವೇ ಎಂಬುದು ಆಗ ಇತ್ಯರ್ಥವಾಗಿರಲಿಲ್ಲ. ಅದರ ಪ್ರಮಾಣ ಅತ್ಯಲ್ಪವಾದುದರಿಂದ ತೂಗಿ ನೋಡುವುದು ಅಸಾಧ್ಯವಾಗಿತ್ತು. ಆದ್ದರಿಂದ ಬ್ರೂಕ್ಸ್ ಮತ್ತು ರುದರ್‌ಫೋರ್ಡ್ ಅದು ಗಾಳಿಯಲ್ಲಿ ಹರಡುವ ವೇಗವನ್ನು ಅಳೆದರು. ವಿಕಿರಣವು ಗಾಳಿಯನ್ನು ಅಯಾನೀಕರಿಸಿದಾಗ ಹರಿಯುವ ಸೂಕ್ಷ್ಮ ವಿದ್ಯುತ್ತನ್ನು ಎಲೆಕ್ಟ್ರೋಮೀಟರ್ ತೋರಿಸುತ್ತಿತ್ತು. ೧೯೦೧ರ ಪ್ರಬಂಧದಲ್ಲಿ ಅಣುತೂಕವನ್ನು ೪೦ರಿಂದ ೧೦೦ರ ನಡುವೆ ಅಂದಾಜಿಸಲಾಯಿತು. ನಿಜವಾದ ಬೆಲೆ ೨೨೨ ಆಗಿರುವುದರಿಂದ ಈ ಅಂದಾಜು ಬಹಳ ಕಡಿಮೆ. ಆದರೂ ಅದು ರೇಡಿಯಂನ ಆವಿಯಲ್ಲ, ಹೊಸದೊಂದು ಅನಿಲ ಎಂಬ ತೀರ್ಮಾನ ಸರಿಯಾಗಿಯೇ ಉಳಿಯಿತು.

ಕೇಂಬ್ರಿಡ್ಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಜೆ. ಜೆ. ಥಾಮ್ಸನ್ ಅವರ ಬಳಿ ಸಂಶೋಧನೆ ನಡೆಸಿ ೧೯೦೩ರಲ್ಲಿ ಮಾಂಟ್ರಿಯಲ್‌ಗೆ ಮರಳಿದ ಬ್ರೂಕ್ಸ್, ವಿಕಿರಣಶೀಲ ಲೇಪವಿದ್ದ ಫಲಕವನ್ನು ಇರಿಸಿದ ಪಾತ್ರೆಯ ಗೋಡೆಗಳೂ ವಿಕಿರಣಶೀಲವಾಗುವುದನ್ನು ಗಮನಿಸಿದರು. ಲೇಪದ ಒಂದು ಅಂಶ ಆವಿಯಾಗುತ್ತಿದೆ ಎಂದು ೧೯೦೪ರಲ್ಲಿ ವಿವರಿಸಿದರು. ಕೋವಿಯಿಂದ ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುವಂತೆ, ಆಲ್ಫಾ ಕಣವನ್ನು ಉಗುಳಿದ ಪರಮಾಣುವೂ ಹಿಮ್ಮೆಟ್ಟಿ ಫಲಕದಿಂದ ಸಿಡಿಯುತ್ತದೆ ಎಂಬುದು ಕೆಲವು ವರ್ಷಗಳ ಬಳಿಕ ಆಟೊ ಹಾನ್ ಮೊದಲಾದವರಿಂದ ಸ್ಪಷ್ಟವಾಯಿತು.

ಬರ್ನಾರ್ಡ್ ಕಾಲೇಜಿನ ಪ್ರಸಂಗ

೧೯೦೪ರಲ್ಲಿ ಬ್ರೂಕ್ಸ್ ನ್ಯೂಯಾರ್ಕ್‌ನ ಬರ್ನಾರ್ಡ್ ಮಹಿಳಾ ಕಾಲೇಜಿನಲ್ಲಿ ಬೋಧಕರಾದರು. ೧೯೦೬ರಲ್ಲಿ ಅವರ ವಿವಾಹ ನಿಶ್ಚಯವಾದಾಗ, ವಿವಾಹಿತೆಯು ಹುದ್ದೆಯಲ್ಲಿ ಮುಂದುವರಿಯುವಂತಿಲ್ಲವೆಂದು ಡೀನ್ ಲಾರಾ ಗಿಲ್ ರಾಜೀನಾಮೆ ಅಪೇಕ್ಷಿಸಿದರು. ಮದುವೆಯಾದ ಮಾತ್ರಕ್ಕೆ ಸ್ತ್ರೀಯು ವೃತ್ತಿಯನ್ನು ತೊರೆಯಬೇಕಿಲ್ಲವೆಂದು ಬ್ರೂಕ್ಸ್ ಪತ್ರಮುಖೇನ ಪ್ರತಿಭಟಿಸಿದರು. ಕೊನೆಗೆ ನಿಶ್ಚಯವೂ ಮುರಿಯಿತು, ಅವರು ಕಾಲೇಜನ್ನೂ ತೊರೆದರು. ಅನಂತರ ಪ್ಯಾರಿಸ್‌ನಲ್ಲಿ ಮೇರಿ ಕ್ಯೂರಿಯವರ ಪ್ರಯೋಗಾಲಯದಲ್ಲಿ ಕೆಲಕಾಲ ದುಡಿದರು. ೧೯೦೭ರಲ್ಲಿ ಫ್ರಾಂಕ್ ಪಿಚರ್ ಅವರನ್ನು ವಿವಾಹವಾಗಿ ಮಾಂಟ್ರಿಯಲ್‌ನಲ್ಲಿ ನೆಲೆಸಿದರು. ಅಲ್ಲಿಗೆ, ೩೧ನೆಯ ವಯಸ್ಸಿನಲ್ಲಿ, ಅವರ ಸಂಶೋಧನೆ ಕೊನೆಗೊಂಡಿತು. ಅವರ ಮೂವರು ಮಕ್ಕಳಲ್ಲಿ ಇಬ್ಬರು ಹದಿಹರೆಯದಲ್ಲೇ ತೀರಿಕೊಂಡರು.

ಪ್ರಾಮುಖ್ಯ

ಮಣ್ಣು ಮತ್ತು ಬಂಡೆಗಳಿಂದ ಮನೆಯೊಳಗೆ ಸೇರುವ ರೇಡಾನ್, ಧೂಮಪಾನದ ಬಳಿಕ ಶ್ವಾಸಕೋಶದ ಕ್ಯಾನ್ಸರಿಗೆ ಒಂದು ಮುಖ್ಯ ಕಾರಣವೆಂದು ಇಂದು ತಿಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿ ಮನೆಗಳಿಗೆ ಘನಮೀಟರಿಗೆ ೧೦೦ ಬೆಕೆರೆಲ್ ಮಟ್ಟವನ್ನು ಸೂಚಿಸಿದೆ. ರೇಡಾನ್ ಅನಿಲವಾದರೂ ಅದರ ಕ್ಷಯೋತ್ಪನ್ನಗಳು ಘನರೂಪದವು. ಅವು ಧೂಳಿಗೂ ಗೋಡೆಗಳಿಗೂ ಅಂಟಿಕೊಳ್ಳುತ್ತವೆ. ಅನಿಲವನ್ನು ನಿಖರವಾಗಿ ಅಳೆಯಲು ಮಾಪಕದ ಶೋಧಕವು ಹೊರಗಿನ ಗಾಳಿಯಲ್ಲಿರುವ ಈ ಕಣಗಳನ್ನು ತಡೆದು ಅನಿಲವನ್ನಷ್ಟೇ ಒಳಬಿಡಬೇಕಾಗುತ್ತದೆ. ಅನಿಲದ ಹರಡುವಿಕೆ ಮತ್ತು ಪಾತ್ರೆಯ ಗೋಡೆಗಳ ಮಾಲಿನ್ಯ, ಬ್ರೂಕ್ಸ್ ಅಧ್ಯಯನ ಮಾಡಿದ ಈ ಎರಡೂ ಸಂಗತಿಗಳು ಇಂತಹ ಮಾಪನದಲ್ಲಿ ಇಂದಿಗೂ ಗಣನೆಗೆ ಬರುತ್ತವೆ.

ಬ್ರೂಕ್ಸ್ ನಿಧನರಾದಾಗ ರುದರ್‌ಫೋರ್ಡ್ ನೇಚರ್ ಪತ್ರಿಕೆಯಲ್ಲಿ ಸ್ಮರಣ ಲೇಖನ ಬರೆದರು. ೨೦೦೨ರಲ್ಲಿ ಅವರ ಹೆಸರು ಕೆನಡಾದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಗೌರವ ಪಟ್ಟಿಗೆ ಸೇರಿತು. ಚಾಕ್ ರಿವರ್ ಪರಮಾಣು ಪ್ರಯೋಗಾಲಯದ ಒಂದು ಕಟ್ಟಡಕ್ಕೂ ಅವರ ಹೆಸರಿಡಲಾಗಿದೆ.