ಹೆಂಡತಿಗಾಗಿ ಹುಟ್ಟಿದ ಪುಡಿ

ಅಮ್ಮ ಕುಕ್ಕರ್‌ನಲ್ಲಿ ಕೇಕ್ ಮಾಡುವಾಗ ಬೇಕಿಂಗ್ ಪೌಡರ್ ಅಳೆದುಕೊಡುವ ಕೆಲಸ ನನ್ನದು. ಬಿಇ ಓದುತ್ತಿರುವ ನನಗೂ ಆಲ್ಫ್ರೆಡ್ ಬರ್ಡ್ ಹೆಸರು ಗೊತ್ತಾಗಿದ್ದು ತೀರಾ ಈಚೆಗೆ.

1811ರಲ್ಲಿ ಹುಟ್ಟಿದ ಆತ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಔಷಧಿ ಅಂಗಡಿ ಇಟ್ಟಿದ್ದ. ಹೆಂಡತಿ ಎಲಿಜಬೆತ್‌ಗೆ ಮೊಟ್ಟೆ ಒಗ್ಗುತ್ತಿರಲಿಲ್ಲ, ಯೀಸ್ಟ್ ಕೂಡ. 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಮಾಡಿಕೊಟ್ಟ. ಆದರೆ ಬ್ರೆಡ್? ಯೀಸ್ಟ್ ಇಲ್ಲದೆ ಅದು ಉಬ್ಬಬೇಕಲ್ಲ! ಅದಕ್ಕೆ ಮತ್ತೆ ಆರು ವರ್ಷ ಹಿಡಿಯಿತು. ಅಡುಗೆ ಸೋಡಾ, ಟಾರ್ಟಾರಿಕ್ ಆಮ್ಲ ಎರಡನ್ನೂ ಬೆರೆಸಿಟ್ಟರೆ ತೇವ ತಾಗಿ ಡಬ್ಬಿಯಲ್ಲೇ ಕೆಡುತ್ತವೆ. ಆ ತೇವ ಹೀರಲು ಬರ್ಡ್ ಪಿಷ್ಟ ಸೇರಿಸಿದ. ನನಗೆ ಅತಿ ಇಷ್ಟವಾದದ್ದು ಈ ಸರಳ ಉಪಾಯ. ಹಿಟ್ಟು ಕಲಸುವಾಗ ನೀರು ಬಿದ್ದರಷ್ಟೇ ಕಾರ್ಬನ್ ಡೈಆಕ್ಸೈಡ್ ಏಳುತ್ತದೆ.

ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬ್ರೆಡ್ಡಿಗೂ ಆ ಪುಡಿ ಹೋಯಿತು. 1878ರಲ್ಲಿ ಬರ್ಡ್ ತೀರಿಕೊಂಡ. ಎಲಿಜಬೆತ್‌ಗಾಗಿ ಬೆರೆಸಿದ್ದನ್ನು ನಾನಿನ್ನೂ ಚಮಚದಲ್ಲಿ ಅಳೆಯುತ್ತಿದ್ದೇನೆ.