ಹನಿಗೂಡಿಸಿದ ಹಿರಿಯರು: ಮೊಳಹಳ್ಳಿ ಶಿವರಾಯರು

ನೂರು ವರ್ಷಗಳ ಹಿಂದೆ ನಮ್ಮ ಶಾಲೆ ಕಣ್ತೆರೆದಾಗ ಕಾಸರಗೋಡು ಮದರಾಸು ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಶಾಲೆಯ ಮೊದಲ ದಶಕ ತುಂಬುವ ಮುನ್ನವೇ ಜಗತ್ತನ್ನು ಮಹಾ ಆರ್ಥಿಕ ಮುಗ್ಗಟ್ಟು ಆವರಿಸಿತು. ಆ ದಿನಗಳಲ್ಲಿ ಜಿಲ್ಲೆಯ ಕೃಷಿಕರಿಗೆ ನೆರವಾಗಲೆಂದು ಒಂದು ವ್ಯವಸ್ಥೆ ಮೊದಲೇ ಸಿದ್ಧವಾಗಿತ್ತು. ಅದನ್ನು ಕಟ್ಟಿದವರಲ್ಲಿ ಅಗ್ರಗಣ್ಯರು ಪುತ್ತೂರಿನ ಮೊಳಹಳ್ಳಿ ಶಿವರಾಯರು. ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಅವರನ್ನು ನೆನೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಶಿವರಾಯರು ಜನಿಸಿದ್ದು 1880ರಲ್ಲಿ. ಕುಂದಾಪುರ ಸೀಮೆಯ ಮೊಳಹಳ್ಳಿ ಅವರ ಮನೆತನದ ಹೆಸರಿಗೆ ಮೂಲ. ಅವರು ವಕೀಲಿ ವೃತ್ತಿಯನ್ನು ಕೈಗೊಂಡು ಪುತ್ತೂರನ್ನೇ ತಮ್ಮ ಕಾರ್ಯಕ್ಷೇತ್ರವಾಗಿಸಿಕೊಂಡರು. ಅಂದಿನ ಕೃಷಿಕನಿಗೆ ಸಾಲವೆಂಬುದು ತಪ್ಪದ ಸಂಗಾತಿ. ಬಿತ್ತನೆಗೂ ಸಾಲ, ಮಗಳ ಮದುವೆಗೂ ಸಾಲ, ಮಳೆ ಕೈಕೊಟ್ಟರೆ ಊಟಕ್ಕೂ ಸಾಲ. ಸಾಹುಕಾರನ ಬಡ್ಡಿ ಅಸಲನ್ನು ಮೀರಿ ಬೆಳೆದಾಗ ಭೂಮಿ ಕೈತಪ್ಪುತ್ತಿತ್ತು. ವಕೀಲರಾದವರಿಗೆ ಇಂತಹ ವ್ಯಾಜ್ಯಗಳಿಂದ ಸಂಪಾದನೆಗೆ ಕೊರತೆಯಿರಲಿಲ್ಲ. ರಾಯರಾದರೋ ವ್ಯಾಜ್ಯದ ಬೇರನ್ನೇ ಕೀಳುವ ಮಾರ್ಗವನ್ನು ಅರಸಿದರು.

ಆ ಮಾರ್ಗ ಸಹಕಾರದ್ದು. ಜರ್ಮನಿಯಲ್ಲಿ ರೈಫೈಸನ್ ಎಂಬ ಮಹನೀಯರು ಬಡ ರೈತರಿಗಾಗಿ ರೂಪಿಸಿದ ಸಹಕಾರಿ ಸಾಲದ ಪದ್ಧತಿಯ ಆಧಾರದಲ್ಲಿ ಭಾರತದಲ್ಲಿ 1904ರಲ್ಲಿ ಕಾಯಿದೆಯೊಂದು ಜಾರಿಗೆ ಬಂದಿತ್ತು. ಅದರ ಆಶ್ರಯದಲ್ಲಿ 1909ರಲ್ಲಿ ರಾಯರು ಪುತ್ತೂರಿನಲ್ಲಿ ಸಹಕಾರಿ ಸಂಘವನ್ನು ಸ್ಥಾಪಿಸಿದರು. 1912ರ ಹೊಸ ಕಾಯಿದೆ ಹಲವು ಸಂಘಗಳು ಒಂದುಗೂಡಿ ಕೇಂದ್ರ ಬ್ಯಾಂಕು ಕಟ್ಟಿಕೊಳ್ಳಲು ಅವಕಾಶ ನೀಡಿತು. 1914ರಲ್ಲಿ ಪುತ್ತೂರಿನಲ್ಲಿಯೇ ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಕಾರ್ಯಾರಂಭಿಸಿತು; 1925ರಲ್ಲಿ ಅದು ಮಂಗಳೂರಿಗೆ ಸ್ಥಳಾಂತರಗೊಂಡಿತು.

ಹಳ್ಳಿಯ ಸಂಘದ ತಿರುಳು ಸರಳವಾದದ್ದು. ಸದಸ್ಯರೆಲ್ಲರೂ ಒಂದೇ ಊರಿನವರು, ಒಬ್ಬರನ್ನೊಬ್ಬರು ಬಲ್ಲವರು. ಪಾಲು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ. ಲಾಭದ ಒಂದು ಭಾಗ ಕಷ್ಟಕಾಲಕ್ಕೆಂದು ಕಾಯ್ದಿರಿಸಿದ ನಿಧಿಗೆ. ಸಾಲ ತೀರದಿದ್ದರೆ ಹೊಣೆ ಎಲ್ಲರದು. ಆದ್ದರಿಂದ ನೆರೆಯವನು ಪಡೆದ ಸಾಲ ಗದ್ದೆಗೆ ಹೋಯಿತೋ ದುಂದಿಗೆ ಹೋಯಿತೋ ಎಂದು ನೋಡುವವರಿರುತ್ತಿದ್ದರು. ಅಡವಿಡಲು ಚಿನ್ನವಿಲ್ಲದವನಿಗೆ ನಡತೆಯೇ ಅಡವಾಯಿತು. ಈ ತತ್ತ್ವವನ್ನು ಜನರಿಗೆ ಮನಗಾಣಿಸಲು ರಾಯರು ಊರೂರು ಸುತ್ತಿದರು.

ಈ ಕಟ್ಟಡಕ್ಕೆ ನಿಜವಾದ ಪರೀಕ್ಷೆ ಬಂದುದು 1929ರ ಬಳಿಕ. ನ್ಯೂಯಾರ್ಕಿನ ಷೇರು ಪೇಟೆ ಕುಸಿದರೆ ಕುಂಬಳೆಯ ರೈತನಿಗೇನು ಎಂದು ಕೇಳಬಹುದು. ಕೃಷಿ ಉತ್ಪನ್ನಗಳ ಬೆಲೆ ಎಲ್ಲೆಡೆ ಇಳಿಯಿತು. ಮದರಾಸು ಪ್ರಾಂತ್ಯದಲ್ಲಿ ಕೆಲವೇ ವರ್ಷಗಳಲ್ಲಿ ಭತ್ತದ ಬೆಲೆ ಸುಮಾರು ಅರ್ಧಕ್ಕೆ ಬಂದು ನಿಂತಿತು. ಸರಕಾರಕ್ಕೆ ಸಲ್ಲಬೇಕಾದ ತೀರ್ವೆಯೂ ಸಾಲದ ಕಂತೂ ನಗದಿನ ಲೆಕ್ಕದಲ್ಲಿ ಇದ್ದಲ್ಲಿಯೇ ಇದ್ದವು. ಒಂದು ಮುಡಿ ಅಕ್ಕಿ ಮಾರಿ ತೀರಿಸಬಹುದಾಗಿದ್ದ ಬಾಕಿಗೆ ಈಗ ಎರಡು ಮುಡಿ ಬೇಕಾಯಿತು. ಬೆವರು ಅಷ್ಟೇ, ಬೆಳೆಯೂ ಅಷ್ಟೇ. ಋಣ ಮಾತ್ರ ಇಮ್ಮಡಿ. ಇಂತಹ ಕಾಲದಲ್ಲಿ ಬಡ ಮನೆಯಲ್ಲಿ ಮೊದಲು ನಿಲ್ಲುವುದು ಮಗುವಿನ ಓದು ಎಂಬುದನ್ನು ಶಾಲೆಯವರಾದ ನಾವು ಬಲ್ಲೆವು.

ಸಹಕಾರಿ ಸಂಘಗಳಿಗೂ ಅದು ಸಂಕಟದ ಕಾಲ. ಸದಸ್ಯನು ಕಟ್ಟಲಾರ, ಕಟ್ಟದಿದ್ದರೆ ಸಂಘ ಉಳಿಯದು, ಸಂಘ ಮುಳುಗಿದರೆ ಹೊಣೆ ಊರಿನ ಎಲ್ಲರ ತಲೆಗೆ. ಕಠಿಣವಾಗಿ ವಸೂಲು ಮಾಡಿದರೆ ಸಾಹುಕಾರನಿಗೂ ಸಂಘಕ್ಕೂ ಭೇದವಿರದು. ಸಡಿಲ ಬಿಟ್ಟರೆ ಠೇವಣಿಯಿಟ್ಟವರಿಗೆ ದ್ರೋಹ. ಪ್ರಾಂತ್ಯದಲ್ಲಿ ಆ ವರ್ಷಗಳಲ್ಲಿ ಅನೇಕ ಸಂಘಗಳು ಮುಚ್ಚಿಹೋದವು. ರೈತರ ಹಳೆಯ ಸಾಲದ ಹೊರೆಯನ್ನು ಇಳಿಸಲು 1938ರಲ್ಲಿ ಮದರಾಸು ಸರಕಾರ ಕಾಯಿದೆಯನ್ನೇ ತರಬೇಕಾಯಿತು. ರಾಯರು ಮುಂದಾಗಿ ಕಟ್ಟಿದ ಜಿಲ್ಲಾ ಬ್ಯಾಂಕು ಮಾತ್ರ ಆ ಬಿರುಗಾಳಿಯನ್ನು ದಾಟಿ ನಿಂತಿತು, ಇಂದಿಗೂ ನಿಂತಿದೆ. ಸುಭಿಕ್ಷದ ದಿನಗಳಲ್ಲಿ ಹಾಕಿದ ತಳಪಾಯವೇ ದುರ್ಭಿಕ್ಷದಲ್ಲಿ ಆಸರೆಯಾಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ರಾಯರ ದೃಷ್ಟಿ ಹಣಕಾಸಿಗೆ ಸೀಮಿತವಾಗಿರಲಿಲ್ಲ. ಲೆಕ್ಕ ಓದಲಾರದ ಸದಸ್ಯ ತನ್ನ ಸಂಘವನ್ನು ತಾನೇ ಕಾಯಲಾರನೆಂಬುದನ್ನು ಅವರು ಅರಿತಿದ್ದರು. ಪುತ್ತೂರು ಸೀಮೆಯ ಹಳ್ಳಿಗಳಲ್ಲಿ ಶಾಲೆಗಳು, ವಾಚನಾಲಯಗಳು ಹುಟ್ಟಲು ಅವರು ಶ್ರಮಿಸಿದರು. ಶಿವರಾಮ ಕಾರಂತರೊಡಗೂಡಿ ಪುತ್ತೂರಿನಲ್ಲಿ ನಡೆಸಿದ ನಾಡಹಬ್ಬ ಕನ್ನಡಿಗರ ಮನಸ್ಸುಗಳನ್ನು ಬೆಸೆಯಿತು. 1967ರಲ್ಲಿ ಅವರು ಇಹಲೋಕವನ್ನು ತ್ಯಜಿಸಿದಾಗ ಜನರು ಅವರನ್ನು ಸಹಕಾರಿ ಪಿತಾಮಹರೆಂದೇ ಗೌರವದಿಂದ ಕರೆಯುತ್ತಿದ್ದರು.

ಅಷ್ಟರಲ್ಲಿ ನಮ್ಮ ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿಹೋಗಿತ್ತು. ಗಡಿ ಬಿದ್ದರೂ ತೋಟದ ಕಷ್ಟ ಎರಡು ಕಡೆಯೂ ಒಂದೇ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಸಂಸ್ಥೆ ಜನ್ಮತಾಳಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಅದರಲ್ಲಿ ಸದಸ್ಯರಾದರು. ರಾಯರು ಉತ್ತು ಹದಮಾಡಿದ ನೆಲದಲ್ಲಿಯೇ ಈ ಬೆಳೆ ಬಂತೆಂದರೆ ತಪ್ಪಾಗದು.

ಹನಿಗೂಡಿದರೆ ಹಳ್ಳವೆಂಬ ಮಾತನ್ನು ನಮ್ಮ ಮಕ್ಕಳಿಗೆ ಒಂದನೆಯ ತರಗತಿಯಿಂದಲೇ ಕಲಿಸುತ್ತೇವೆ. ಹನಿಗಳು ತಾವಾಗಿ ಕೂಡುವುದಿಲ್ಲ, ಕೂಡಿಸುವವರು ಬೇಕು ಎಂಬುದನ್ನು ರಾಯರ ಬಾಳು ಕಲಿಸುತ್ತದೆ. ಧಾರಣೆಯ ಏರಿಳಿತ, ಉದ್ಯೋಗದ ಅನಿಶ್ಚಿತತೆ ಇಂದಿನ ಮನೆಗಳನ್ನೂ ಬಿಟ್ಟಿಲ್ಲ. ಪಾಲಕರೂ ಹಳೆ ವಿದ್ಯಾರ್ಥಿಗಳೂ ತಮ್ಮ ಊರಿನ ಸಂಘದ ಮಹಾಸಭೆಗೆ ತಪ್ಪದೆ ಹೋಗಿ, ಲೆಕ್ಕ ಕೇಳಿ, ಸಾಲವನ್ನು ಹೊತ್ತಿಗೆ ತೀರಿಸಿದರೆ ಆ ಹಿರಿಯರಿಗೆ ಅದಕ್ಕಿಂತ ದೊಡ್ಡ ಗೌರವವಿಲ್ಲವೆಂದು ನಾವು ನಂಬುತ್ತೇವೆ.