ವಿಲ್ಹೆಲ್ಮ್ ರೂ: ಭ್ರೂಣ, ಬಲ ಮತ್ತು ಆಕಾರ

ಭ್ರೂಣದ ಬೆಳವಣಿಗೆಯನ್ನು ವರ್ಣಿಸಿದರೆ ಸಾಲದು, ಅದರ ಕಾರಣಗಳನ್ನು ಪ್ರಯೋಗದಿಂದ ಅರಸಬೇಕು ಎಂಬ ನಿಲುವಿಗೆ ಜೀವಮಾನವಿಡೀ ಬದ್ಧನಾಗಿದ್ದವನು ಜರ್ಮನಿಯ ಅಂಗರಚನಾಶಾಸ್ತ್ರಜ್ಞ ವಿಲ್ಹೆಲ್ಮ್ ರೂ. 1850ರಲ್ಲಿ ಯೇನಾ ನಗರದಲ್ಲಿ ಜನಿಸಿದ ಈತ ಅಲ್ಲಿಯೇ ಅರ್ನ್ಸ್ಟ್ ಹೆಕೆಲ್‌ನ ಶಿಷ್ಯನಾದನು. ರಕ್ತನಾಳಗಳು ಕವಲೊಡೆಯುವ ಬಗೆಗೂ ರಕ್ತದ ಹರಿವಿಗೂ ಇರುವ ಸಂಬಂಧವೇ 1878ರ ಪ್ರಬಂಧದ ವಿಷಯವಾಗಿತ್ತು. ಬಲವು ದೇಹರಚನೆಯನ್ನು ರೂಪಿಸುತ್ತದೆ ಎಂಬ ಮುಂದಿನ ಚಿಂತನೆಯ ಬೀಜ ಇಲ್ಲಿದೆ.

ದೇಹದ ಭಾಗಗಳ ನಡುವಣ ಹೋರಾಟವನ್ನು ಕುರಿತ 1881ರ ಗ್ರಂಥದಲ್ಲಿ ಈ ಚಿಂತನೆ ಸಿದ್ಧಾಂತದ ರೂಪ ತಳೆಯಿತು. ಎಳೆತ ಮತ್ತು ಒತ್ತಡಗಳಿಗೆ ಸ್ಪಂದಿಸುವ ಅಂಗಾಂಶ ಬಲಿಯುತ್ತದೆ, ಬಳಕೆಯಿಲ್ಲದ್ದು ಸೊರಗುತ್ತದೆ ಎಂದು ರೂ ವಾದಿಸಿದನು. ತೊಡೆಯೆಲುಬಿನೊಳಗಿನ ತೆಳುಪಟ್ಟಿಗಳು ಭಾರ ಹರಿಯುವ ದಿಕ್ಕನ್ನೇ ಅನುಸರಿಸುವುದನ್ನು 1860ರ ದಶಕದಲ್ಲಿ ಮೇಯರ್ ಮತ್ತು ಕುಲ್ಮನ್ ಗುರುತಿಸಿದ್ದರು. ಆ ಜೋಡಣೆ ಹೇಗೆ ಉಂಟಾಗುತ್ತದೆ ಎಂಬುದಕ್ಕೆ ರೂನ ವಿವರಣೆ ಒಂದು ಉತ್ತರವನ್ನು ಒದಗಿಸಿತು. ಆದರೆ ಆತನ ಪ್ರಕಾರ ಅಂಗಗಳು ಮೊದಲು ಆನುವಂಶಿಕತೆಯಿಂದಲೇ ಮೈದಳೆಯುತ್ತವೆ; ಬಳಕೆಯ ಪ್ರಭಾವ ಅನಂತರದ್ದು.

ರೂಗೆ ಪ್ರಸಿದ್ಧಿ ತಂದದ್ದು 1888ರ ಬೇರೊಂದು ಪ್ರಯೋಗ. ಕಪ್ಪೆಯ ಮೊಟ್ಟೆ ಎರಡು ಕೋಶಗಳಾದಾಗ ಒಂದನ್ನು ಕಾದ ಸೂಜಿಯಿಂದ ಕೊಂದಾಗ, ಉಳಿದ ಕೋಶ ಅರ್ಧ ಭ್ರೂಣವಾಗಿ ಬೆಳೆಯಿತು. ಪ್ರತಿ ಕೋಶದ ಭವಿಷ್ಯವೂ ಪೂರ್ವನಿಶ್ಚಿತವೆಂದು ರೂ ನಿರ್ಣಯಿಸಿದನು. 1891ರಲ್ಲಿ ಹಾನ್ಸ್ ಡ್ರೀಶ್ ಕಡಲಚಿಳ್ಳೆಯ ಕೋಶಗಳನ್ನು ಬೇರ್ಪಡಿಸಿದಾಗ, ಗಾತ್ರದಲ್ಲಿ ಕಿರಿದಾದರೂ ಪೂರ್ಣವಾದ ಮರಿಗಳೇ ರೂಪುಗೊಂಡವು. ಸತ್ತ ಕೋಶ ಅಂಟಿಕೊಂಡೇ ಉಳಿದದ್ದು ರೂನ ಫಲಿತಾಂಶಕ್ಕೆ ಕಾರಣವೆಂಬುದು ಮುಂದೆ ಸ್ಪಷ್ಟವಾಯಿತು. ನಿರ್ಣಯ ತಪ್ಪಾದರೂ ಪ್ರಯೋಗದ ಮಾರ್ಗ ಉಳಿಯಿತು. ಬ್ರೆಸ್ಲೌ, ಇನ್ಸ್‌ಬ್ರುಕ್‌ಗಳ ಬಳಿಕ 1895ರಿಂದ 1921ರವರೆಗೆ ಹಾಲೆಯಲ್ಲಿ ಪ್ರಾಧ್ಯಾಪಕನಾಗಿದ್ದ ರೂ, ಬೆಳವಣಿಗೆಯ ಯಂತ್ರಶಾಸ್ತ್ರಕ್ಕೆಂದೇ 1894ರಲ್ಲಿ ನಿಯತಕಾಲಿಕವೊಂದನ್ನು ಸ್ಥಾಪಿಸಿದ್ದನು. ಆತನ ನಿಧನ 1924ರಲ್ಲಿ.

ರೂ ಎಳೆದಿದ್ದ ಕಾಲದ ಗೆರೆಯನ್ನು ನಂತರದ ಸಂಶೋಧನೆ ಹಿಂದಕ್ಕೆ ಸರಿಸಿತು. ಮೊಟ್ಟೆಯೊಳಗಿನ ಕೋಳಿಭ್ರೂಣದ ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸಿದರೆ ಕೀಲುಗಳ ನಡುವಣ ತೆರವು ಸರಿಯಾಗಿ ಮೂಡದೆ ಮೃದ್ವಸ್ಥಿಗಳು ಬೆಸೆದುಕೊಳ್ಳುತ್ತವೆ ಎಂಬುದು 1966ರ ಪ್ರಯೋಗಗಳಿಂದ ತಿಳಿದುಬಂದಿತು. ಸ್ನಾಯುಗಳಿಲ್ಲದ ಇಲಿಭ್ರೂಣಗಳಲ್ಲಿ ತೋಳಿನ ಮೂಳೆಯ ಉಬ್ಬು ಪೂರ್ಣವಾಗಿ ಬೆಳೆಯುವುದಿಲ್ಲ. ಜನನಕ್ಕೆ ಮುಂಚಿನ ಚಲನೆಯೇ ಅಸ್ಥಿಪಂಜರವನ್ನು ತಿದ್ದುತ್ತದೆ ಎಂದಾಯಿತು. ಹೀಗೆ ರೂಗೆ ಹೆಸರು ತಂದ ನಿರ್ಣಯ ಬಿದ್ದುಹೋದರೂ, ಬಳಕೆಯ ಬಗೆಗಿನ ಆತನ ವಿಚಾರ ಆತನೇ ವಿಧಿಸಿದ್ದ ಮಿತಿಯನ್ನು ದಾಟಿ ಭ್ರೂಣಕ್ಕೂ ಅನ್ವಯವಾಯಿತು.